ಹಿಂದಿನ ಸೀಟಿಲ್ಲದ ಕಾರು

ಇಪ್ಪತ್ತಾರು ವರ್ಷ ನಾನು ಕಾರಿನ ಎಡಗಡೆ ಸೀಟಿನಲ್ಲಿ ಕೂತು ಸಂಬಳ ಎಣಿಸಿದವಳು. ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವರ ಜಾಗ ಅದು. ಬಲಗಡೆ ಕಲಿಯುವವರು ಸ್ಟಿಯರಿಂಗ್ ಹಿಡಿದು ಬೆವರುತ್ತಿರುತ್ತಾರೆ, ಎಡಗಡೆ ನನ್ನ ಕಾಲಡಿಗೆ ಒಂದು ಹೆಚ್ಚುವರಿ ಬ್ರೇಕ್ ಪೆಡಲ್ ಇರುತ್ತದೆ. ಅವರು ಒತ್ತಬೇಕಾದ ಕಡೆ ಒತ್ತದಿದ್ದರೆ ನಾನು ಒತ್ತುತ್ತೇನೆ. ಕಲಿತುಹೋದವರೆಲ್ಲ ಬೆನ್ನ ಹಿಂದೆ ನನ್ನನ್ನು ಬ್ರೇಕಮ್ಮ ಅನ್ನುತ್ತಾರೆಂದು ಗೊತ್ತು. ಎದುರಿಗೇ ಅಂದರೂ ನನಗೇನೂ ಬೇಜಾರಿಲ್ಲ. ಆ ಬ್ರೇಕಿನಿಂದಾಗಿ ಅವರೆಲ್ಲ ಕೈಕಾಲು ನೆಟ್ಟಗಿಟ್ಟುಕೊಂಡು ಓಡಾಡುತ್ತಿದ್ದಾರೆ.

ಈ ತಿಂಗಳ ಕೊನೆಗೆ ಕೆಲಸ ಬಿಡುತ್ತೇನೆಂದು ಹೇಳಿದೆ. ಯಾಕೆ ಎಂದು ಕೇಳಿದವರಿಗೆಲ್ಲ ಸಾಕಾಯಿತು ಎಂದೆ. ಅದೇ ನಿಜ. ಸ್ಕೂಲಿನ ಕಾರು ಇಷ್ಟು ವರ್ಷ ನಮ್ಮ ಮನೆ ಮುಂದೆಯೇ ನಿಲ್ಲುತ್ತಿತ್ತು, ಅದನ್ನು ವಾಪಸು ಕೊಡಬೇಕು. ಆಮೇಲೆ ನನಗೊಂದು ಕಾರು ಬೇಕು. ಎಂಥದ್ದು ಬೇಕೆಂದೂ ತೀರ್ಮಾನ ಮಾಡಿಬಿಟ್ಟಿದ್ದೆ. ಸ್ಪೋರ್ಟ್ಸ್ ಕಾರು.

ಫೋನಿನಲ್ಲಿ ಹೇಳಿದಾಗ ನಾದಿನಿ, "ಅತ್ತಿಗೆ, ಅದರಲ್ಲಿ ಕೂತರೆ ಏಳೋದು ಹೇಗೆ?" ಎಂದಳು.

"ಎದ್ದರೆ ತಾನೇ," ಎಂದೆ.

ನನಗೆ ಕಾರು ಓಡಿಸುವುದೆಂದರೆ ಇಷ್ಟ. ಇಷ್ಟಪಟ್ಟೇ ಈ ಕೆಲಸಕ್ಕೆ ಸೇರಿದ್ದು. ಆದರೆ ಲೆಕ್ಕ ಹಾಕಿದರೆ ಇಪ್ಪತ್ತಾರು ವರ್ಷದಲ್ಲಿ ನಾನು ಓಡಿಸಿದ್ದು ಕಡಿಮೆ, ನಿಲ್ಲಿಸಿದ್ದೇ ಹೆಚ್ಚು. ಇನ್ನು ಮೇಲಾದರೂ ಬಲಗಡೆ ಕೂರಬೇಕು, ಗೇರು ಬದಲಿಸಿದರೆ ಕೈಗೆ ಗೊತ್ತಾಗಬೇಕು, ಕೆರೆಯ ಪಕ್ಕದ ರಸ್ತೆಯ ತಿರುವುಗಳಲ್ಲಿ ಮನಸ್ಸು ಹಗುರಾಗಬೇಕು. ಹಾಗೆಂದು ಭಾನುವಾರ ಒರೆಸಿ ಮುಚ್ಚಿಡುವ ಷೋಕಿಯ ಕಾರೂ ಬೇಡ. ದಿನಾ ಬೆಳಿಗ್ಗೆ ಇವರನ್ನು ಅಂಗಡಿಗೆ ಬಿಡಬೇಕು, ಬರುವಾಗ ತರಕಾರಿ ತರಬೇಕು, ನಮ್ಮ ಗೇಟಿನ ಮುಂದಿನ ಸಣ್ಣ ಜಾಗದಲ್ಲಿ ನಿಲ್ಲಬೇಕು, ಪೆಟ್ರೋಲು ಕುಡಿದು ಮನೆ ಹಾಳು ಮಾಡಬಾರದು.

ಇವರು ಎಂದರೆ ನಮ್ಮ ಯಜಮಾನರು. ಟೇಲರ್. ಊರಿನ ಆ ತುದಿಯಲ್ಲಿ ಅಂಗಡಿ, ಕೋಟು ಹೊಲಿಯುವುದರಲ್ಲಿ ಎತ್ತಿದ ಕೈ. ಈಗಲೂ ಕಾಲಿನಲ್ಲಿ ತುಳಿಯುವ ಮೆಷೀನೇ. ಮೋಟರು ಹಾಕಿಸಿಕೊಳ್ಳಿ ಎಂದರೆ, ಕಾಲು ಹೇಳಿದಂತೆ ಕೈ ಕೇಳೋದು, ಮೋಟರು ಹೇಳಿದಂತೆ ಕೇಳಲ್ಲ ಅನ್ನುತ್ತಾರೆ. ನಲವತ್ತು ವರ್ಷ ತುಳಿದ ಕಾಲು ಅದು, ಎಲ್ಲಿ ಕೂತರೂ ಸುಮ್ಮನಿರುವುದಿಲ್ಲ. ಊಟಕ್ಕೆ ಕೂತು ಯಾವುದಾದರೂ ತೋಳಿನ ಬಗ್ಗೆ ಯೋಚನೆ ಬಂತೋ, ಮೇಜಿನ ಕೆಳಗೆ ಬಲಗಾಲು ಶುರುವಾಗುತ್ತದೆ. ಲೋಟದ ನೀರು ಅಲುಗಾಡಿದರೆ ಇವರು ಹೊಲಿಯುತ್ತಿದ್ದಾರೆಂದು ಅರ್ಥ.

ಇವರ ಕಾಲಿನಿಂದಲೇ ಇಪ್ಪತ್ತೆರಡು ವರ್ಷದ ಹಿಂದೆ ಒಂದು ರಾದ್ಧಾಂತವಾಯಿತು. ಆಗೆಲ್ಲ ಸ್ಕೂಲಿನ ಕಾರಿನಲ್ಲಿ ನಾನು ಓಡಿಸುವಾಗ ಇವರು ಮುಂದೆ, ನನ್ನ ಪಕ್ಕದಲ್ಲೇ ಕೂರುತ್ತಿದ್ದರು. ಅಂದರೆ ಹೆಚ್ಚುವರಿ ಬ್ರೇಕು ಇವರ ಕಾಲಡಿಗೆ. ಒಂದು ದಿನ, ಜನ ಕಿಕ್ಕಿರಿದ ರಸ್ತೆಯಲ್ಲಿ, ಇವರಿಗೆ ಯಾವುದೋ ಕಾಲರಿನ ಯೋಚನೆ ಬಂತು. ಕಾಲು ತುಳಿಯತೊಡಗಿತು. ಕಾರು ಕುಪ್ಪಳಿಸಿ ನಿಂತಿತು, ಕುಪ್ಪಳಿಸಿ ನಿಂತಿತು, ಹಿಂದಿನಿಂದ ಬಂದ ವ್ಯಾನು ನಮಗೆ ಮುತ್ತಿಟ್ಟಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಸ್ಕೂಲಿನ ಹೆಸರು ಬರೆದ ಕಾರು, ನಾನು ಕಲಿಸುವವಳು, ಸುತ್ತ ನಿಂತು ನೋಡುವ ಜನ. ನನಗೆ ಕೋಪ ಮೊದಲೇ ಮೂಗಿನ ತುದಿಯಲ್ಲಿ. ನಡುರಸ್ತೆಯಲ್ಲಿ ಬಾಯಿಗೆ ಬಂದಂತೆ ಅಂದೆ. "ನಿಮ್ಮ ಕಾಲು ಸುಮ್ನಿರಲ್ಲ, ನೀವು ಮುಂದೆ ಕೂರಲೇಬೇಡಿ, ಹಿಂದೆ ಹೋಗಿ," ಎಂದೆ.

ಇವರು ಇಳಿದರು, ಹಿಂದಿನ ಬಾಗಿಲು ತೆಗೆದರು, ಕೂತರು. ಅವತ್ತಿನಿಂದ ಯಾವಾಗಲೂ ಹಿಂದೆಯೇ. ಮದುವೆಗೆ ಹೋದರೂ ಹಿಂದೆ, ಆಸ್ಪತ್ರೆಗೆ ಹೋದರೂ ಹಿಂದೆ. ಮಡಿಲಲ್ಲಿ ಕೋಟುಗಳನ್ನಿಟ್ಟುಕೊಂಡು ಗಂಭೀರವಾಗಿ ಕೂತ ಇವರನ್ನೂ ಮುಂದೆ ಒಬ್ಬಳೇ ಕೂತ ನನ್ನನ್ನೂ ನೋಡಿ, ಯಾವುದೋ ದೊಡ್ಡ ಸಾಹೇಬರು ಡ್ರೈವರಮ್ಮನನ್ನು ಇಟ್ಟುಕೊಂಡಿದ್ದಾರೆ ಎಂದುಕೊಂಡವರಿದ್ದಾರೆ. ಒಬ್ಬರು ನನಗೆ ತಿಂಗಳಿಗೆಷ್ಟು ಕೊಡುತ್ತಾರೆಂದು ಕೇಳಿಯೂ ಇದ್ದರು.

ನಗುತ್ತಾ ಹೇಳುತ್ತೇನೆ, ಆದರೆ ನನಗೆ ನೋವಿತ್ತು. ನನ್ನ ಕೋಪ ಬಂದಷ್ಟೇ ಬೇಗ ಹೋಗುತ್ತದೆ. ಇವರು ಮಾತ್ರ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಹಟ ಸಾಧಿಸುತ್ತಿದ್ದಾರೆಂದು ಅಂದುಕೊಂಡಿದ್ದೆ. ಬಾಯಿಬಿಟ್ಟು ಕೇಳಬಹುದಿತ್ತು. ಕೇಳಿದರೆ ಅವತ್ತಿನ ತಪ್ಪನ್ನು ನಾನು ಒಪ್ಪಿಕೊಳ್ಳಬೇಕಾಗುತ್ತಿತ್ತು, ಅದಕ್ಕೇ ಕೇಳಲಿಲ್ಲ. ದಿನಾ ಕನ್ನಡಿಯಲ್ಲಿ ಇವರ ಮುಖ ನೋಡಿಕೊಂಡೇ ಓಡಿಸಿದೆ.

ಹಾಗಾಗಿ ಸ್ಪೋರ್ಟ್ಸ್ ಕಾರಿನ ಆಸೆಯ ಜೊತೆ ನನ್ನದೊಂದು ಕುತಂತ್ರವೂ ಇತ್ತು. ಎರಡೇ ಸೀಟಿನ ಕಾರು ತಂದರೆ ಇವರು ಎಲ್ಲಿ ಕೂರುತ್ತಾರೆ? ಪಕ್ಕದಲ್ಲೇ ಕೂರಬೇಕು. ಇಲ್ಲದಿದ್ದರೆ ಬಸ್ಸು. ಬಸ್ ನಿಲ್ದಾಣ ನಮ್ಮ ಗೇಟಿನ ಎದುರಿಗೇ ಇದೆ, ನನಗೆ ಭಯವಿದ್ದದ್ದೂ ಅದೇ.

ಕಾರು ನೋಡಲು ಇವರೂ ಬಂದರು. ಕುತ್ತಿಗೆಗೆ ಟೇಪು ಹಾಕಿಕೊಂಡೇ ಬಂದರು. ಮೊದಲು ಹೋದದ್ದು ಗಾಜಿನ ಷೋರೂಮಿಗೆ. ಟೈ ಕಟ್ಟಿದ್ದ ಒಬ್ಬರು ಹಳದಿ ಬಣ್ಣದ ಕಾರಿನ ಸುತ್ತ ನಮ್ಮನ್ನು ಮೂರು ಸಲ ಸುತ್ತಿಸಿ, ಎಷ್ಟು ಸೆಕೆಂಡಿಗೆ ನೂರು ಮುಟ್ಟುತ್ತದೆ ಎಂದು ವರ್ಣಿಸಿದರು. ಇವರು ಮಂಡಿಯೂರಿ ನೆಲದಿಂದ ಸೀಟಿಗೆ ಎಷ್ಟು ಎತ್ತರವೆಂದು ಅಳೆದರು. ಆಮೇಲೆ ಎದ್ದು, ಡಿಕ್ಕಿ ತೆಗೆಸಿ ಅದರ ಉದ್ದ ಅಳೆದರು.

"ಕೋಟು ಮಡಚಬೇಕಾಗುತ್ತೆ," ಎಂದರು.

"ಸರ್, ಇದು ಸ್ಪೋರ್ಟ್ಸ್ ಕಾರು," ಎಂದರು ಟೈ.

"ಇರಬಹುದು. ಕೋಟು ಮಡಚಬಾರದು."

ಓಡಿಸಿ ನೋಡಿದೆ. ಶಕ್ತಿಯೇನೋ ಇತ್ತು, ಅದನ್ನು ಬಳಸಲು ರಸ್ತೆ ಇರಲಿಲ್ಲ. ಊರಿನ ವೇಗದಲ್ಲಿ ಅದು ನಿದ್ದೆ ಮಾಡುತ್ತಿತ್ತು, ಸೀಟು ಹಲಗೆಯ ಹಾಗಿತ್ತು, ರಸ್ತೆಯ ಒಂದೊಂದು ಉಬ್ಬೂ ಸೊಂಟಕ್ಕೆ ಬಂದು ವರದಿ ಒಪ್ಪಿಸುತ್ತಿತ್ತು. ಬೆಲೆ ಕೇಳಿದ ಮೇಲೆ ಇವರು ಟೇಪನ್ನು ಸುತ್ತಿ ಜೇಬಿಗೆ ಹಾಕಿಕೊಂಡರು.

ಎರಡನೆಯದು ಸಣ್ಣ ಕಾರು, ಐದು ಬಾಗಿಲು, ಎರಡು ವರ್ಷ ಓಡಿದ್ದು. ನೋಡಲು ತರಕಾರಿಗೆ ಹೋಗುವ ಕಾರಿನಂತಿದ್ದರೂ ಎಂಜಿನ್ನು ಚುರುಕು, ಸ್ಟಿಯರಿಂಗು ಮಾತು ಕೇಳುತ್ತಿತ್ತು. ತಿರುವಿನಲ್ಲಿ ಎಲ್ಲೂ ಹೊಯ್ದಾಡಲಿಲ್ಲ. ಬೆಲೆಯೂ ನಮ್ಮ ಕೈಗೆಟುಕುವಂತಿತ್ತು. ಬುದ್ಧಿಯಿದ್ದವರು ಯಾರಾದರೂ ಅದನ್ನೇ ಕೊಳ್ಳುತ್ತಿದ್ದರು. ನನಗೂ ನಿಜವಾಗಿ ಹಿಡಿಸಿತ್ತು.

ಅಷ್ಟರಲ್ಲಿ ಇವರು ಹಿಂದಿನ ಬಾಗಿಲು ತೆಗೆದು, ಒಳಗೆ ಕೂತು, ಮಂಡಿಗೂ ಮುಂದಿನ ಸೀಟಿಗೂ ನಡುವೆ ಟೇಪು ಹಿಡಿದರು. ಮುಖದಲ್ಲಿ ಸಂತೋಷ. "ಇಲ್ಲಿ ಜಾಗ ಚೆನ್ನಾಗಿದೆ ಕಣೇ," ಎಂದರು.

ನನಗೆ ಮೈಯೆಲ್ಲ ಉರಿಯಿತು. "ಈ ಕಾರು ಬೇಡ," ಎಂದೆ.

"ಯಾಕೆ?"

"ಬಣ್ಣ ಚೆನ್ನಾಗಿಲ್ಲ."

ಬಿಳಿ ಬಣ್ಣ ಅದು. ಇವರು ಕಾರಿನ ಬಣ್ಣ ನೋಡಿದರು, ನನ್ನ ಮುಖದ ಬಣ್ಣವನ್ನೂ ನೋಡಿದರು, ಇಳಿದರು. ವಾದ ಮಾಡಲಿಲ್ಲ. ಇವರು ಯಾವತ್ತಾದರೂ ವಾದ ಮಾಡಿದ್ದರೆ ನಮ್ಮ ಎಷ್ಟೋ ಜಗಳಗಳು ಅವತ್ತಿನವತ್ತೇ ಮುಗಿಯುತ್ತಿದ್ದವು.

ಮೂರನೆಯದು ಒಬ್ಬರು ಹಲ್ಲಿನ ಡಾಕ್ಟರಮ್ಮನದು. ಹನ್ನೊಂದು ವರ್ಷದ ಹಳೆಯ ಕಾರು, ಕಡು ನೀಲಿ, ಎರಡೇ ಸೀಟು, ಬಟ್ಟೆಯ ಚಾವಣಿ, ಬೇಕೆಂದಾಗ ಹಿಂದಕ್ಕೆ ಮಡಚಬಹುದು. ಅವರಿಗೆ ಅವಳಿ ಮಕ್ಕಳು ಹುಟ್ಟಿದ್ದರಂತೆ. "ಎರಡು ಸೀಟು, ನಾಲ್ಕು ಜನ. ನನಗೆ ಬೇರೆ ದಾರಿ ಇಲ್ಲ ಮೇಡಂ," ಎಂದು ಕೀಲಿ ಕೊಟ್ಟರು. ಕೊಡುವಾಗ ಅವರ ಮುಖ ಸಣ್ಣಗಾಗಿತ್ತು, ಅದನ್ನು ನೋಡಿಯೇ ಕಾರು ಒಳ್ಳೆಯದೆಂದು ಅನಿಸಿತು.

ಓಡಿಸಿ ನೋಡುತ್ತೇನೆಂದು ಹೇಳಿ ನಾನು ಹೋಗಿ ಕಾರಿನೊಳಗೆ ಕೂತೆ. ಬೆಲ್ಟು ಹಾಕಿಕೊಂಡೆ. ಕಾಲು ಚಾಚಿದೆ. ಕಾಯುತ್ತಾ ಕೂತೆ. ಡಾಕ್ಟರಮ್ಮ ಕಿಟಕಿಯ ಹತ್ತಿರ ಬಂದು, "ಮೇಡಂ, ಓಡಿಸೋದು ನಾನಾ ನೀವಾ?" ಎಂದರು. ನಾನು ಎಡಗಡೆ ಕೂತಿದ್ದೆ. ಇಪ್ಪತ್ತಾರು ವರ್ಷದ ಅಭ್ಯಾಸ, ಕಾಲು ತಾನಾಗಿ ಎಡಗಡೆಗೆ ಹೋಗಿತ್ತು, ಇಲ್ಲದ ಬ್ರೇಕನ್ನು ಹುಡುಕುತ್ತಲೂ ಇತ್ತು. ಗೇಟಿನ ಹತ್ತಿರ ನಿಂತಿದ್ದ ಇವರು ಆ ಕಡೆ ತಿರುಗಿಕೊಂಡರು. ಬೆನ್ನು ಅಲುಗುತ್ತಿತ್ತು. ನಗುತ್ತಿದ್ದರು.

"ನೀವೂ ಹೋಗಿ ಬನ್ನಿ ಸರ್, ನಾನು ಇಲ್ಲೇ ಇರ್ತೀನಿ," ಎಂದರು ಡಾಕ್ಟರಮ್ಮ.

"ಇಲ್ಲಮ್ಮ, ನೀವೇ ಹೋಗಿ ಬನ್ನಿ," ಎಂದರು ಇವರು.

ಹೋದೆವು. ಆ ಕಾರಿಗೆ ಅಂಥಾ ಶಕ್ತಿಯೇನೂ ಇರಲಿಲ್ಲ. ಹಳದಿ ಕಾರಿನ ಅರ್ಧವೂ ಇಲ್ಲ. ಆದರೆ ಹಗುರ. ಗೇರಿನ ಕೋಲು ಗಿಡ್ಡ, ಮಣಿಕಟ್ಟು ತಿರುಗಿಸಿದರೆ ಸಾಕು, ಟಕ್ಕೆಂದು ಬೀಳುತ್ತಿತ್ತು. ನಲವತ್ತರಲ್ಲಿ ಹೋದರೂ ಎಪ್ಪತ್ತರಲ್ಲಿ ಹೋದಷ್ಟು ಖುಷಿ. ಕೆರೆಯ ರಸ್ತೆಯ ಎರಡನೇ ತಿರುವಿನಲ್ಲಿ ಮೂರನೇ ಗೇರಿಗೆ ಇಳಿಸಿ, ತಿರುಗಿಸಿ, ಆಕ್ಸಿಲರೇಟರು ಒತ್ತಿದೆ. ಕಾರು ರಸ್ತೆಯನ್ನು ಹಿಡಿದುಕೊಂಡು ನನ್ನ ಜೊತೆಯೇ ತಿರುಗಿತು. ನಾನು ಓಡಿಸುತ್ತಿದ್ದೆ. ಯಾರನ್ನೂ ನಿಲ್ಲಿಸುತ್ತಿರಲಿಲ್ಲ. ಕಣ್ಣು ತುಂಬಿ ಬಂತು, ಗಾಳಿಗೆ ಎಂದು ಡಾಕ್ಟರಮ್ಮನಿಗೆ ಹೇಳಿದೆ. ಚಾವಣಿ ಹಾಕಿಯೇ ಇತ್ತು.

ವಾಪಸು ಬಂದಾಗ ಇವರು ಡಿಕ್ಕಿ ಅಳೆದರು. ಎರಡು ಕೋಟು ಮಡಚದೆ ಮಲಗಿಸಬಹುದಿತ್ತು. ನೆಲದಿಂದ ಸೀಟು ಗಿಡ್ಡ, ಆದರೂ ಏಳಲು ಬಾಗಿಲ ಅಂಚು ಕೈಗೆ ಸಿಗುತ್ತಿತ್ತು. ಎಡಗಡೆ ಸೀಟನ್ನು ಬಗ್ಗಿ ನೋಡಿದರು. ಅಳೆಯಲಿಲ್ಲ.

"ಅಳತೆ ಸರಿಯಾಗಿದೆ. ತಗೋ," ಎಂದರು.

"ದಿನಾ ಇದರಲ್ಲೇ ಬರ್ತೀರಾ?" ನನ್ನ ಧ್ವನಿ ನನಗೇ ಬೇರೆಯಾಗಿ ಕೇಳಿಸಿತು.

ಇವರು ಕಾರಿನ ಹಿಂಭಾಗ ನೋಡಿದರು. ಸೀಟಿಲ್ಲ, ಬಾಗಿಲಿಲ್ಲ. "ನೋಡೋಣ," ಎಂದರು.

ನೋಡೋಣ ಎಂದರೆ ನಮ್ಮ ಮನೆಯಲ್ಲಿ ಇಲ್ಲ ಎಂದರ್ಥ. ಆದರೂ ಕೊಂಡೆ. ಕೊಂಡ ದಿನ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ, ಇವರು ಬಸ್ಸಿನ ಪಾಸು ಮಾಡಿಸಿಬಿಟ್ಟರೆ ಏನು ಗತಿ ಎಂದು.

ಹಳೆಯ ಕಾರಾದ್ದರಿಂದ ಮನೆಗೆ ತರುವ ಮೊದಲು ಮೆಕ್ಯಾನಿಕ್ ಹತ್ತಿರ ಬಿಟ್ಟೆ. ನಮ್ಮ ಸ್ಕೂಲಿನ ಕಾರುಗಳನ್ನೆಲ್ಲ ನೋಡಿಕೊಳ್ಳುವ ಮನುಷ್ಯ. ಮಾತು ಕಡಿಮೆ, ಕೈ ಬಂಗಾರ. ಬೆಲ್ಟು, ಆಯಿಲು, ಬ್ರೇಕಿನ ಪೈಪು ಎಲ್ಲ ನೋಡಿ ಎಂದು ಹೇಳಿ ಬಂದೆ. ಸೋಮವಾರ ಬೆಳಿಗ್ಗೆ ಅವರೇ ಕಾರನ್ನು ಗೇಟಿನ ಮುಂದೆ ತಂದು ನಿಲ್ಲಿಸಿದರು. ತೊಳೆದು ಫಳಫಳ ಮಾಡಿದ್ದರು.

"ಎಲ್ಲಾ ಮಾಡಿದೀನಿ ಮೇಡಂ. ಅದೊಂದು ಕೂರಿಸೋಕೆ ಜಾಗ ಸಾಲದೆ ಎರಡು ದಿನ ಒದ್ದಾಡಿಬಿಟ್ಟೆ," ಎಂದರು ಹೆಮ್ಮೆಯಿಂದ.

"ಯಾವುದೊಂದು?"

ಅವರು ಎಡಗಡೆಯ ಬಾಗಿಲು ತೆಗೆದು ತೋರಿಸಿದರು. ಸೀಟಿನ ಮುಂದೆ, ಕಾಲಿಡುವ ಜಾಗದಲ್ಲಿ, ಹೊಸ ರಬ್ಬರು ಹಾಕಿದ ಬ್ರೇಕ್ ಪೆಡಲ್.

ಅವರ ತಪ್ಪಲ್ಲ. ಇಷ್ಟು ವರ್ಷದಲ್ಲಿ ನಾನು ಅವರ ಬಳಿಗೆ ಕಳಿಸಿದ ಹನ್ನೊಂದು ಕಾರಿಗೂ ಅವರು ಮೊದಲು ಮಾಡುತ್ತಿದ್ದ ಕೆಲಸವೇ ಅದು. ನನ್ನ ಮುಖ ನೋಡಿದ ಮೇಲೆ ಅವರಿಗೂ ಹೊಳೆಯಿತು. ತಲೆ ಕೆರೆದುಕೊಂಡರು.

"ನಿಮ್ಮ ಗಾಡಿ ಅಂದ ತಕ್ಷಣ ಕೈ ತಾನಾಗಿ ಹೋಗ್ಬಿಡ್ತು ಮೇಡಂ. ಇದು ಸ್ಕೂಲಿಗಲ್ಲ ಅಲ್ವಾ?"

"ಅಲ್ಲ."

"ಸಾಯಂಕಾಲ ತನ್ನಿ, ತೆಗೆದುಬಿಡ್ತೀನಿ. ಅರ್ಧ ಗಂಟೆ ಕೆಲಸ."

ಸಾಯಂಕಾಲ ತೆಗೆದು ಏನು ಮಾಡಲಿ? ಇವರು ಬರುವುದು ಈಗ, ಮೊದಲ ದಿನ. ಮೆಕ್ಯಾನಿಕ್ ತಪ್ಪಿತಸ್ಥರ ಹಾಗೆ ನಡೆದು ಹೋದರು. ನಾನು ಬಾಗಿಲು ಮುಚ್ಚಿದೆ, ಮುಚ್ಚಿದರೆ ಕಾಣುವುದಿಲ್ಲವೇನೋ ಎಂಬಂತೆ.

ಇವರು ಬಂದರು. ಎರಡು ಕೋಟು ಹ್ಯಾಂಗರಿನಲ್ಲಿ, ಮೇಲೆ ಬಿಳಿ ಹೊದಿಕೆ. ಡಿಕ್ಕಿಯಲ್ಲಿ ಒಂದರ ಮೇಲೊಂದು ಮಲಗಿಸಿ, ಕಾಲರು ಸರಿಮಾಡಿದರು. ಆಮೇಲೆ ಅಭ್ಯಾಸಬಲದಿಂದ ಹಿಂದಿನ ಬಾಗಿಲಿನ ಹಿಡಿಗೆ ಕೈ ಚಾಚಿದರು. ಹಿಡಿ ಇರಲಿಲ್ಲ. ಖಾಲಿ ಕೈಯನ್ನು ನೋಡಿಕೊಂಡರು, ಮುಂದಿನ ಬಾಗಿಲು ತೆಗೆದರು, ಪೆಡಲ್ ಕಂಡಿತು. ನಿಂತರು.

ಎದುರಿನ ನಿಲ್ದಾಣಕ್ಕೆ ಬಸ್ಸು ಬಂದು ನಿಂತಿತ್ತು.

"ಮೆಕ್ಯಾನಿಕ್ ತಪ್ಪಿ ಹಾಕಿದಾನೆ," ಎಂದೆ. "ಸಾಯಂಕಾಲ ತೆಗೆಸ್ತೀನಿ. ನೀವು ಬಸ್ಸಿಗೆ ಹೋಗೋದಾದ್ರೆ ಹೋಗಿ. ಇಪ್ಪತ್ತೆರಡು ವರ್ಷದಿಂದ ಆ ಒಂದು ಮಾತನ್ನ ಮನಸ್ಸಲ್ಲಿಟ್ಟುಕೊಂಡಿದೀರಿ, ಇನ್ನೊಂದು ದಿನ ಇಟ್ಕೊಳ್ಳಿ."

ಹೇಳಬಾರದಿತ್ತು, ಬಾಯಿಂದ ಜಾರಿತು. ಇವರು ನಿಜವಾಗಿ ಆಶ್ಚರ್ಯಪಟ್ಟು ನನ್ನನ್ನು ನೋಡಿದರು.

"ಯಾವ ಮಾತು?"

"ಹಿಂದೆ ಹೋಗಿ ಕೂತ್ಕೊಳ್ಳಿ ಅಂದಿದ್ದು."

"ಅದನ್ನ ಮನಸ್ಸಲ್ಲಿಟ್ಕೊಳ್ಳೋದೇನು ಬಂತು? ನೀನು ಹೇಳಿದೆ, ಕೂತೆ."

"ಅವತ್ತಿಗೆ ಹೇಳಿದ್ದು ಕಣ್ರೀ ಅದು."

"ಅವತ್ತಿಗೆ ಮಾತ್ರ ಅಂತ ನೀನು ಹೇಳಿಲ್ಲ." ಇವರು ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಗಿರಾಕಿ ಬಂದು ತೋಳು ಒಂದಿಂಚು ಗಿಡ್ಡ ಇಡಿ ಅಂತಾರೆ. ನಾನು ಪುಸ್ತಕದಲ್ಲಿ ಬರ್ಕೋತೀನಿ. ಮತ್ತೆ ಬಂದು ಅವರೇ ಉದ್ದ ಮಾಡಿ ಅನ್ನೋವರೆಗೂ ಗಿಡ್ಡವೇ. ನಾನಾಗಿ ತಿದ್ದಿದರೆ ಆಗುತ್ತಾ? ನೀನು ಕರೀತೀಯ ಅಂತ ಕಾಯ್ತಿದ್ದೆ. ಕರೀಲೇ ಇಲ್ಲ."

ಇಪ್ಪತ್ತೆರಡು ವರ್ಷ ನಾನು ಹಟ ಎಂದುಕೊಂಡು ನೊಂದದ್ದು ಹಟವೇ ಆಗಿರಲಿಲ್ಲ. ಒಂದು ಅಳತೆ, ಅಷ್ಟೇ. ತಿದ್ದಬೇಕಾದವಳು ನಾನು. ಕನ್ನಡಿಯಲ್ಲಿ ದಿನಾ ಆ ಮುಖ ನೋಡುತ್ತಿದ್ದೆ, ತಿರುಗಿ ಒಂದು ಮಾತು ಕರೆದಿರಲಿಲ್ಲ.

"ಮುಂದೆ ಬನ್ನಿ," ಎಂದೆ.

ಇವರು ಪೆಡಲನ್ನು ಮತ್ತೊಮ್ಮೆ ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು ಕೈಯಲ್ಲಿ ಹಿಡಿದುಕೊಂಡು, ಬಗ್ಗಿ ಒಳಗೆ ಬಂದು, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಸಣ್ಣ ಆಸಾಮಿ, ಜಾಗ ಸಾಕಾಯಿತು. ಅಂಗಡಿಯಲ್ಲಿ ಗುಂಡಿ ಹೊಲಿಯುವಾಗ ಕೂರುವುದು ಹಾಗೆಯೇ. ಕಾಲೆರಡೂ ತೊಡೆಯಡಿಗೆ ಭದ್ರ. ಬೆಲ್ಟು ಎಳೆದು ಹಾಕಿಕೊಂಡರು.

"ಈಗ ಹೊರಡು. ಈ ಕಾಲು ನಿನಗೆ ತೊಂದರೆ ಕೊಡಲ್ಲ," ಎಂದರು.

ಬಸ್ಸು ಹೊರಟಿತು. ಅದರ ಹಿಂದೆ ನಾವೂ ಹೊರಟೆವು. ನಾನು ಕನ್ನಡಿ ನೋಡಿದರೆ ಅದರಲ್ಲಿ ಬರೀ ರಸ್ತೆ ಕಾಣುತ್ತಿತ್ತು, ಪಕ್ಕಕ್ಕೆ ನೋಡಿದರೆ ಇವರು. ಕೆನ್ನೆಯ ಈ ಬದಿಯನ್ನು ಇಷ್ಟು ಹತ್ತಿರದಿಂದ ಕಾರಿನಲ್ಲಿ ನೋಡಿ ಎಷ್ಟು ಕಾಲವಾಗಿತ್ತು. ಕಿವಿಯ ಹತ್ತಿರ ಕೂದಲು ಪೂರಾ ಬೆಳ್ಳಗಾಗಿತ್ತು. ಕೆರೆಯ ರಸ್ತೆಗೆ ಬಂದಾಗ ಇವರು ಕಿಟಕಿಯಿಂದ ಕೈ ಹೊರಗಿಟ್ಟು ಗಾಳಿ ನೋಡಿದರು. ನಾನು, "ಕೈ ಒಳಗೆ," ಎಂದೆ. ಒಳಗೆ ತೆಗೆದುಕೊಂಡರು. ಮರುಕ್ಷಣ ನನಗೇ ನಗು ಬಂತು. ಇದನ್ನೂ ಬರೆದಿಟ್ಟುಕೊಂಡರೆ ಮುಗಿಯಿತಲ್ಲ.

ಎರಡನೇ ತಿರುವು ದಾಟಿದ ಮೇಲೆ ಇವರ ಮಂಡಿ ಅಲುಗಾಡತೊಡಗಿತು. ತೊಡೆಯಡಿಗೆ ಸಿಕ್ಕಿಕೊಂಡ ಬಲಗಾಲು ಅಲ್ಲಿಂದಲೇ ತುಳಿಯಲು ನೋಡುತ್ತಿತ್ತು. ಯಾವುದೋ ತೋಳು ನೆನಪಾಗಿರಬೇಕು. ಕನ್ನಡಿ ನೋಡಿದೆ. ಹಿಂದೆ ಯಾರೂ ಇಲ್ಲ. ಮುಂದೆಯೂ ಯಾರೂ ಇಲ್ಲ. ವೇಗ ಪೂರಾ ಇಳಿಸಿ, ನಡೆಯುವವರ ವೇಗಕ್ಕೆ ತಂದೆ.

"ಕಾಲು ಕೆಳಗೆ ಬಿಡಿ," ಎಂದೆ.

"ತುಳಿದುಬಿಡುತ್ತೆ."

"ತುಳೀಲಿ. ಹಿಂದೆ ಯಾರೂ ಇಲ್ಲ, ನಾನು ನೋಡ್ಕೋತೀನಿ."

ಇವರು ನಂಬದೆ ನನ್ನ ಮುಖ ನೋಡಿದರು. ಒಂದು ಕಾಲನ್ನು ಮೆಲ್ಲಗೆ ಇಳಿಸಿದರು. ಪೆಡಲ್ ಮುಟ್ಟಿದ್ದೇ ತಡ, ಕಾಲು ತನ್ನ ಕೆಲಸ ಶುರುಮಾಡಿತು. ಕಾರು ತಲೆ ಬಗ್ಗಿಸಿತು, ಎತ್ತಿತು, ಬಗ್ಗಿಸಿತು, ಎತ್ತಿತು. ಇಪ್ಪತ್ತೆರಡು ವರ್ಷದ ಹಿಂದೆ ಯಾವ ಕಾಲಿಗೆ ನಾನು ಬೈದಿದ್ದೆನೋ ಅದೇ ಕಾಲು. ನನಗೆ ತಡೆಯಲಾರದ ನಗು ಬಂತು, ಇವರೂ ನಕ್ಕರು, ಎಂಜಿನ್ನು ಕೆಮ್ಮಿ ಆರಿಹೋಯಿತು. ಕೆರೆಯ ಪಕ್ಕ ಹಾಗೇ ನಿಂತು ಸ್ವಲ್ಪ ಹೊತ್ತು ನಕ್ಕೆವು. ನಗುತ್ತಾ ನಾನು ಅತ್ತೆ, ಈ ಸಲ ಗಾಳಿಯ ಹೆಸರು ಹೇಳಲಿಲ್ಲ.

"ಅವತ್ತು ಹಾಗೆ ಅನ್ನಬಾರದಿತ್ತು ನಾನು," ಎಂದೆ.

"ವ್ಯಾನು ಬಂದು ಗುದ್ದಿತ್ತಲ್ಲ, ಅನ್ನದೆ ಏನು ಮಾಡ್ತೀಯ," ಎಂದರು ಇವರು, ಮತ್ತೆ ಕಾಲು ಮಡಚಿಕೊಳ್ಳುತ್ತಾ. "ಸಾಯಂಕಾಲ ಇದನ್ನ ತೆಗೆಸಿಬಿಡು. ಕಾಲಿಗೆ ರುಚಿ ಹತ್ತಿಬಿಡುತ್ತೆ."

ಸಾಯಂಕಾಲ ತೆಗೆಸಿದೆ. ಮರುದಿನ ಬೆಳಿಗ್ಗೆ ನಾನು ಬೀಗ ಹಾಕಿ ಗೇಟಿನ ಹತ್ತಿರ ಬರುವಷ್ಟರಲ್ಲಿ ಬಸ್ಸು ಬಂದು ಹೋಗಿತ್ತು. ಇವರು ಕರೆಸಿಕೊಳ್ಳದೆಯೇ ಎಡಗಡೆಯ ಬಾಗಿಲ ಹತ್ತಿರ ನಿಂತಿದ್ದರು.